ತಾಮ್ರದ ಮೇಲಿನ ಗೀಟು

ನವೆಂಬರ್ ೨೯, ೧೯೬೧. ಬೆಳಗಿನ ಜಾವ ೪-೧೦

ಕರಕರ ಸದ್ದಿಗೆ ಎಚ್ಚರ. ತಾಮ್ರದ ಮೇಲೆ ಉಕ್ಕಿನ ಮೊನೆ. ಪರದೆಯಾಚೆ ಐರಾ... ಈ ನನ್ನ ಗಂಡನಿಗೆ ಹಗಲು ರಾತ್ರಿ ಎಂಬುದಿಲ್ಲ. ಬೇಕಾದಷ್ಟು ಪ್ರತಿ ಅಚ್ಚು ತೆಗೆದ ಮೇಲೆ ಚಿತ್ರ ಕೊರೆದ ತಾಮ್ರದ ಫಲಕಕ್ಕೆ ಅಡ್ಡಗೀಟು ಎಳೆದುಬಿಡುತ್ತಾನೆ — ಇನ್ನು ಯಾರೂ ಅದರಿಂದ ಚಿತ್ರ ತೆಗೆಯಬಾರದೆಂದು. ಸರಿ, ಏನೋ ಒಂದು ಮುಗಿಯಿತು. ಹಾಯೆನಿಸಿತು. ಟೆಸ್ಸಾಳ ಉಸಿರು ನೋಡಿದೆ. ಮತ್ತೆ ನೋಡಿದೆ. ಏಳು ತಿಂಗಳ ಕೂಸು, ತಾಮ್ರ ಕೊರೆಯುವ ಈ ಆಸಿಡ್ ವಾಸನೆಯಲ್ಲಿ...

ನವೆಂಬರ್ ೩೦

ಐವತ್ತೇಳನೇ ಬೀದಿಯ ಗ್ಯಾಲರಿಯಿಂದ ಮಿಸೆಸ್ ಪ್ರೆಂಟಿಸ್ ಬಂದಿದ್ದರು. ಕೋಟು ಬಿಚ್ಚಲಿಲ್ಲ.

"ಮೊದ್ಲು ಬಣ್ಣ ಅಂದೆ. ಆಮೇಲೆ ಕಬ್ಬಿಣ ಬೆಸೆದೆ. ನಾಟಕದ ಪರದೆ ಆಯ್ತು, ಈಗ ತಾಮ್ರ. ನಾಳೆ ಏನಯ್ಯಾ, ಕೇಕ್ ಮೇಲೆ ಕೆನೆ ಬಿಡ್ತೀಯಾ? ನಿನ್ನನ್ನ ಏನಂತ ಮಾರ್ಲಿ ನಾನು?"

"ಕೇಕ್ ಆದ್ರೆ ಜನ ತಿಂದಾದ್ರೂ ತಿಂತಾರೆ ಮೇಡಂ," ಅಂದ ಐರಾ. ಅವರೂ ನಕ್ಕರು. ವಸಂತದ ಪ್ರದರ್ಶನ ಮಾತ್ರ ರದ್ದು.

ನ್ಯೂಯಾರ್ಕಿಗೆ ಬಂದು ಹದಿನೈದು ವರ್ಷದ ದುಡಿಮೆ ಅವನದು. ಕೈಗೆ ಹತ್ತಿದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗುವ ಮನುಷ್ಯ. ಕಾಲೇಜಿನಲ್ಲಿ ಅವನ ಉಪನ್ಯಾಸ ಕೇಳಿ ನಾನು ಮರುಳಾದದ್ದೂ ಅದಕ್ಕೇ. ಇವತ್ತು ನಾನೇ ಕಿರುಚಿದೆ: "ಯಾವುದಾದ್ರೂ ಒಂದನ್ನ ಪೂರ್ತಿ ಮುಗಿಸೋ ಮಾರಾಯ!"

"ಮುಗಿಸ್ತಿದೀನಲ್ಲ ಕಣೆ," ಅಂದ. ಮೆಲ್ಲಗೆ.

ಡಿಸೆಂಬರ್ ೩, ಭಾನುವಾರ, ಸಂಜೆ

ಶುಕ್ರವಾರ ಅಚ್ಚಿನ ಕಾಗದ ತರುತ್ತೇನೆಂದು ಹೋದವನು ಇನ್ನೂ ಬಂದಿಲ್ಲ. ಟೋಪಿ ಇಲ್ಲೇ. ಕೈಗಡಿಯಾರ — ಟೆಸ್ಸಾಳ ತೊಟ್ಟಿಲಲ್ಲಿ.

ಕಪಾಟು ತೆಗೆದೆ. ಫಲಕಗಳು. ಎಲ್ಲಕ್ಕೂ ಅಡ್ಡಗೀಟು. ಅಚ್ಚು ಮುಗಿದವಕ್ಕೂ, ಒಂದೇ ಒಂದು ಪ್ರತಿಯೂ ಅಚ್ಚಾಗದವಕ್ಕೂ. ಆ ಜಾವ ನಾನು ಹಾಯೆಂದು ಕೇಳಿಸಿಕೊಂಡದ್ದು ಇದನ್ನು.

"ಕಲಾವಿದ್ರಲ್ವಾ ತಾಯಿ, ಎಲ್ಲೋ ಕುಡಿದು ಬಿದ್ದಿರ್ತಾರೆ, ಬರ್ತಾರೆ ಬಿಡಿ," ಅಂದ ಕೆಳಮಹಡಿಯ ಅಂಗಿಗುಂಡಿ ಕಾರ್ಖಾನೆಯ ಕಾವಲುಗಾರ. ಐರಾ ಕುಡಿಯುವುದಿಲ್ಲ.

ಅದೇ ದಿನ, ರಾತ್ರಿ ೯

ಭಾನುವಾರ ಕಾರ್ಖಾನೆಗೆ ರಜೆ, ಅದರ ಬಾಯ್ಲರ್ ಆರಿದರೆ ಮೇಲಿನ ನಮಗೆ ಶಾಖವಿಲ್ಲ. ಟೆಸ್ಸಾ ಕೆಮ್ಮುತ್ತಿದ್ದಾಳೆ. ನದಿಯಾಚೆ ಹೋಬೋಕನ್ನಿಗೆ, ನನ್ನ ಅಕ್ಕ ಕೋರಾಳ ಮನೆಗೆ ಹೊರಟಿದ್ದೇನೆ. ಈ ದಿನಚರಿ ಪುಸ್ತಕವನ್ನು ನಿನ್ನ ಅಚ್ಚಿನ ಯಂತ್ರದ ಮೇಲೆ ತೆರೆದಿಡುತ್ತೇನೆ. ಓದು ಐರಾ. ಯಾವತ್ತೂ ಮುಟ್ಟದವನು ಇವತ್ತು ಓದು.

ಕೊನೆಯ ಫಲಕ ಈಗ ಸಿಕ್ಕಿತು. ಮಲಗಿರುವ ಟೆಸ್ಸಾ. ಗೀಟು ಮೂಲೆಯಿಂದ ಹೊರಟಿದೆ, ಅವಳ ಕೆನ್ನೆಯ ಹತ್ತಿರ ಬಂದು ನಿಂತಿದೆ. ನಿನ್ನ ಕೈ ನಿಂತಿದೆ.

ಮುಗಿಸು ಅಂದವಳು ನಾನು. ಇದೊಂದನ್ನು ಮುಗಿಸಬೇಡ. ಅಕ್ಕನ ನಂಬರು ನಿನಗೆ ಗೊತ್ತು. ಎಷ್ಟು ಹೊತ್ತಾದರೂ ಸರಿ, ಮಾತಾಡದಿದ್ದರೂ ಸರಿ, ಉಸಿರು ಕೇಳಿಸಿದರೆ ಸಾಕು — ಬೆಳಗಾಗುವುದರೊಳಗೆ ಒಂದೇ ಒಂದು ಫೋನ್...