ಮೂವರ ಅರ್ಜಿ

ಜನವರಿ 9, ಗುರುವಾರ
ಆಸ್ಪತ್ರೆಯ ಡ್ಯೂಟಿ ಮುಗಿಸಿ ಬೈಕುಲ್ಲಾದಿಂದ ಲೋಕಲ್ ರೈಲು ಹಿಡಿದು ಮನೆಗೆ. ಮಗಳು ಶೀತಲಳಿಗೆ ಸ್ನಾನ. ಹನ್ನೆರಡು ವರ್ಷ, ಮೂವತ್ತೊಂದು ಕಿಲೋ. ಸ್ನಾಯುಗಳ ರೋಗ. ಕಾಲು ಹೋಗಿ ಎರಡು ವರ್ಷವಾಯಿತು, ಈಗ ಕೈಯೂ ಸೋಲುತ್ತಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ... ಅವಳ ಶಾಲೆ ನಿಂತಿದೆ.
ಮೇಲ್ ಬಂತು. ಆಸ್ಟ್ರೇಲಿಯಾದ ಆಸ್ಪತ್ರೆಯೊಂದು ನನಗೆ ನರ್ಸ್ ಕೆಲಸ ಕೊಡುತ್ತದಂತೆ. ಅಲ್ಲಿ ವೀಲ್‌ಚೇರಿನ ಮಕ್ಕಳೂ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾರೆ. ಆ ವಿಡಿಯೊ ಮೂರು ಸಲ ನೋಡಿದೆ.

ಜನವರಿ 18
ಗ್ರಾಂಟ್ ರೋಡಿನಲ್ಲಿ ವೀಸಾ ಏಜೆಂಟ್ ದೇವಾನಂದರ ಆಫೀಸು. ಎರಡು ದಾರಿ ಎಂದರು. ವರ್ಕ್ ವೀಸಾ ಬೇಗ ಆಗುತ್ತದೆ, ಅದೂ ನಾನೊಬ್ಬಳೇ ಹೋದರೆ; ಅದೇ ಆಸ್ಪತ್ರೆಗೆ ಕಟ್ಟುಬಿದ್ದಿರಬೇಕು. ಪಿ.ಆರ್., ಅಂದರೆ ಕಾಯಂ ವಾಸದ ವೀಸಾ, ತಡ, ಆದರೆ ಮನೆಯವರೆಲ್ಲ ಹೋಗಬಹುದು. ಪಿ.ಆರ್. ಎಂದೆ. ಯೋಚಿಸಲೂ ಇಲ್ಲ.
ಶೀತಲಳ ರಿಪೋರ್ಟು ಓದಿ ಕನ್ನಡಕ ತೆಗೆದರು. ಎಲ್ಲರ ಮೆಡಿಕಲ್ ಪರೀಕ್ಷೆ ಆಗಬೇಕು; ಅಲ್ಲಿನ ಸರ್ಕಾರಕ್ಕೆ ಹೆಚ್ಚು ಖರ್ಚಾಗುವಂಥ ರೋಗವಿದ್ದರೆ ಫೇಲ್, ಒಬ್ಬರು ಫೇಲಾದರೆ ಎಲ್ಲರೂ ಫೇಲ್. ಅವಳನ್ನು ಸೇರಿಸಿದರೆ ವರ್ಕ್ ವೀಸಾಕ್ಕೂ ಅದೇ ತೊಡಕು.
ಯಾರಿಗಾಗಿ ಹೊರಟೆನೋ ಅವಳೇ ಅಡ್ಡಿಯಂತೆ.

ಜನವರಿ 19
ಯಜಮಾನರು ವಿಕ್ರೋಳಿ ಫ್ಯಾಕ್ಟರಿಯಿಂದ ಬಂದ ಮೇಲೆ ಎಲ್ಲ ಹೇಳಿದೆ. ಚಹಾ ಕುಡಿದು ಲೋಟ ಕೆಳಗಿಟ್ಟರು.
“ನೀ ಒಬ್ಬಾಕಿ ಹೋಗು ಮಾದೇವಿ. ನಾ ನೋಡ್ಕೋತೀನಿ.”
ಹೋದ ವರ್ಷ ಬೆನ್ನಿನ ಆಪರೇಷನ್ ಆಗಿದೆ ಇವರಿಗೆ. ಬಕೆಟ್ ಎತ್ತಬಾರದು. ಮಗಳನ್ನು ಯಾರು ಎತ್ತುತ್ತಾರೆ ಎಂದೆ.
ಇರುವುದೊಂದೇ ಖೋಲಿ, ಶೀತಲಳಿಗೆ ಎಲ್ಲವೂ ಕೇಳಿಸಿದೆ. ತಲೆ ಬಾಚುವಾಗ ಅಂದಳು — “ಮಮ್ಮಿ, ಫಾರ್ಮ್‌ದಾಗ ನನ್ನ ನೇಮ್ ಬರೀಬ್ಯಾಡ. ತುಮ್ ಲೋಗ್ ಹೋಗ್ರಿ. ನಾ ಅಜ್ಜಿ ಹತ್ರ ಇರ್ತೀನಿ.”
ಅಜ್ಜಿ ತೀರಿಕೊಂಡು ನಾಲ್ಕು ವರ್ಷ. ಅವಳಿಗದು ಗೊತ್ತು.

ಫೆಬ್ರವರಿ 3
ವಿನಾಯಿತಿ ಸಿಗಬಹುದೆಂಬ ಒಂದೇ ಆಸೆಯ ಮೇಲೆ ಪಿ.ಆರ್. ಅರ್ಜಿ ಹಾಕಿದೆವು. ಮೂವರ ಹೆಸರೂ ನಾನೇ ಬರೆದೆ. ವರ್ಕ್ ವೀಸಾ ಬೇಡವೆಂದು ಆಸ್ಪತ್ರೆಗೆ ಮೇಲ್.

ನವೆಂಬರ್ 21
ಪತ್ರ ಬಂತು. ಮೂವರಿಗೂ ವೀಸಾ ಇಲ್ಲ. ಕಾರಣವಿರುವ ಕಡೆ ಶೀತಲಳೊಬ್ಬಳದೇ ಹೆಸರು.
ಇವರು ಎರಡು ಸಲ ಓದಿ, ಮಡಚಿ, ಪ್ಯಾಂಟಿನ ಜೇಬಿಗೆ ಇಟ್ಟುಕೊಂಡರು. ಅವಳಿಗೆ ಹೇಳುವುದು ಬೇಡ ಎಂದೆ.

ನವೆಂಬರ್ 24
ದೇವಾನಂದರ ಫೋನು. ಆಸ್ಪತ್ರೆಗೆ ಈಗಲೂ ನರ್ಸ್ ಬೇಕಂತೆ. ವರ್ಕ್ ವೀಸಾ, ನಾನೊಬ್ಬಳೇ, ನಾಲ್ಕು ವರ್ಷ. ಗುರುವಾರದೊಳಗೆ ಹೇಳಬೇಕು.
ನಾಲ್ಕು ವರ್ಷ. ಅವಳಿಗೆ ಅಷ್ಟು ಇದೆಯೋ ಇಲ್ಲವೋ ಡಾಕ್ಟರೇ ಹೇಳುತ್ತಿಲ್ಲ.

ನವೆಂಬರ್ 27, ಗುರುವಾರ
ಬೇಡ ಎಂದೆ. ದೇವಾನಂದರು ಒತ್ತಾಯಿಸಲಿಲ್ಲ. ಫೋನಿಟ್ಟು ಅಡುಗೆಕಟ್ಟೆ ಹಿಡಿದು ನಿಂತೆ. ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.
ಊಟಕ್ಕೆ ಶೀತಲಳ ಕೈ ಚಮಚ ಎತ್ತಲಿಲ್ಲ. ನಾನೇ ತಿನ್ನಿಸಿದೆ. ಎರಡು ತುತ್ತು ತಿಂದು, ಪಪ್ಪನ ಜೇಬಿನ ಪತ್ರ ಓದಿದೆ ಎಂದಳು. ಪ್ಯಾಂಟು ಅವಳ ಮಂಚದ ಮೇಲೆಯೇ ಬಿದ್ದಿತ್ತಂತೆ.
“ಸಾರಿ, ಮಮ್ಮಿ.”
ನಿನ್ನ ತಪ್ಪಲ್ಲ ಎಂದೆ.
ಹಾಗಾದರೆ ಯಾರದು ಎಂದು ಕೇಳಿದಳು. ಸಿಟ್ಟಿನಿಂದಲ್ಲ — ತಿಳಿದುಕೊಳ್ಳಲಿಕ್ಕೆ.
ಮುಂದಿನ ತುತ್ತು ಅವಳ ಬಾಯಿಗೆ ಹಿಡಿದು, ಆ ನಿಯಮ ಬರೆದವರದು ಎಂದೆ.