ಹದಿನೈದನೆಯ ಬ್ರೇಕ್ ಬಿಲ್ಲೆ

ಅಕ್ಟೋಬರ್ ೧೪, ಮಂಗಳವಾರ

ನಮ್ಮ ಮೇಸ್ತ್ರಿ ಅಪ್ಪಯ್ಯನವರು ಹೀಗೆ ಮಾಡುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಯುದ್ಧ ಶುರುವಾದ ಮೇಲೆ ರೈಲಿನ ಬ್ರೇಕಿಗೆ ಬೇಕಾದ ರಬ್ಬರ್ ಬಿಲ್ಲೆ ಹೊರದೇಶದಿಂದ ಬರುವುದು ನಿಂತಿದೆ. ಕುಶಾಲನಗರದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಅವರು ಎಂಟು ತಿಂಗಳಿಂದ ಇಲ್ಲಿಯದೇ ಕರಿಕೆ ತೋಟಗಳ ರಬ್ಬರಿನಲ್ಲಿ ಅದನ್ನು ಮಾಡಲು ಒದ್ದಾಡುತ್ತಿದ್ದರು. ಮಾಡಿದ್ದೆಲ್ಲ ಒತ್ತಡದ ಪರೀಕ್ಷೆಯಲ್ಲಿ ಬಿರುಕು ಬಿಡುತ್ತಿತ್ತು. ಇವತ್ತು ಹದಿನೈದನೆಯದು ಪಾಸಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರೀಕ್ಷೆಯ ವರದಿ ಬರೆಯುವವಳು ನಾನು; ಅದಕ್ಕೆಂದು ಬಿಲ್ಲೆಯನ್ನು ಎತ್ತಿಕೊಂಡರೆ, ಅಂಚಿನಲ್ಲಿ ಉಜ್ಜಿದರೂ ಪೂರ್ತಿ ಅಳಿಸದ ವಿದೇಶಿ ಅಕ್ಷರಗಳು! ರೈಲ್ವೆಯವರು ಮಾದರಿಗೆಂದು ಕೊಟ್ಟಿದ್ದ ಬಿಲ್ಲೆಯೇ ಅದು.

ಅಳತೆಯಲ್ಲಿ ಕೂದಲೆಳೆಯಷ್ಟೂ ಸುಳ್ಳಿರಬಾರದೆಂದು ನನಗೆ ಕಲಿಸಿದವರೇ ಅವರು. ಪಕ್ಕಕ್ಕೆ ಕರೆದು ತೋರಿಸಿದೆ.

“ಹದಿನಾಲ್ಕು ಸಲ ಸೋತೆ ಮಾರಾಯ್ತಿ. ನಾಳೆ ರೈಲ್ವೆಯವ್ರು ಬರ್ತಾರೆ. ಎಂತ ಮಾಡೋದು?”

“ಇದನ್ನ ನಂಬಿ ಆರ್ಡರ್ ಕೊಟ್ರೆ, ರೈಲಿಗೆ ಹಾಕೋದು ನಾವು ಮಾಡಿದ್ದನ್ನೇ ಅಲ್ವಾ? ಓಡ್ತಿರುವಾಗ ಬಿರುಕು ಬಿಟ್ರೆ?”

ಅಪ್ಪಯ್ಯನವರು ಬಿಲ್ಲೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ತಾವೇ ಹೋಗಿ ಎಲ್ಲರೆದುರು ನಿಜ ಹೇಳಿದರು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾನು ವರದಿಯಲ್ಲಿ ‘ಫೇಲ್’ ಎಂದು ಬರೆದು ಸಹಿ ಹಾಕಿದೆ. ಕೆಳಗೆ ಬಿದ್ದ ಪೆನ್ನಿನ ಮುಚ್ಚಳವನ್ನು ಅವರೇ ಎತ್ತಿಕೊಟ್ಟರು. ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಅವರನ್ನು ಏನೆಂದು ಮಾತಾಡಿಸಲಿ, ಮೊದಲಿನ ಹಾಗೆ ‘ಗುರುಗಳೇ’ ಎಂದು ಕರೆಯಲಾದೀತೇ?