ಮರುಳಸಿದ್ದಪ್ಪನವರ ಎಂಜಿನ್

ಸವಳಂಗ
೧೪-೧೧-೨೦೨೪

ನಮ್ಮ ಮನೆ ಬೆಳಗುವ ಸೊಸೆ ಲಕ್ಷ್ಮೀದೇವಿಗೆ ಮಾವ ದೊಡ್ಡಣ್ಣನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯ ತಾಯಿ? ಮೊಮ್ಮಗಳು ಹೇಗಿದ್ದಾಳೆ? ಹಾಲು ಚೆನ್ನಾಗಿ ಕುಡಿಯುತ್ತಾಳೆಯೇ, ನಿನಗೆ ಸ್ವಲ್ಪವಾದರೂ ನಿದ್ದೆ ಮಾಡಲು ಬಿಡುತ್ತಾಳೆಯೇ? ಬಾಣಂತಿ ಫೋನ್ ನೋಡಿದರೆ ಕಣ್ಣು ಕೆಡುತ್ತದೆ ಎಂದು ನಿಮ್ಮಮ್ಮ ನಿನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಒಳ್ಳೆಯದೇ ಮಾಡಿದ್ದಾರೆ. ಆದರೆ ಲಾರಿಗೆ ಯಾವ ಬಾಡಿಗೆ ಒಪ್ಪಬೇಕು, ಯಾವ ಟೈರು ಬದಲಿಸಬೇಕು ಎಂದು ಹೇಳುತ್ತಿದ್ದವಳು ನೀನು. ನೀನು ತವರೂರು ಸೊಕ್ಕೆಗೆ ಹೋದ ಮೇಲೆ ನಾನೂ ನಿನ್ನ ಗಂಡನೂ ಕಣ್ಣು ಕಟ್ಟಿ ಬಿಟ್ಟಂತಾಗಿದ್ದೇವೆ. ನಾಳೆ ನಿನ್ನತ್ತೆ ಭೀಮಕ್ಕ ಅಂಟಿನುಂಡೆ ತೆಗೆದುಕೊಂಡು ಅಲ್ಲಿಗೆ ಬರುತ್ತಾಳೆ. ಅವಳ ಬಾಯಲ್ಲಿ ಸುದ್ದಿ ಕಳಿಸಿದರೆ ಸುದ್ದಿಯ ಜೊತೆ ಅವಳ ತೀರ್ಪೂ ಬರುತ್ತದೆ, ಅದಕ್ಕೇ ಈ ಕಾಗದ. ಅಕ್ಷರ ಕೋಳಿ ಕೆದರಿದಂತಿದ್ದರೆ ನಗಬೇಡ. ಕಾಗದ ಓದಿದರೂ ಕಣ್ಣು ಕೆಡುತ್ತದೆ ಎಂದರೆ ನಿನ್ನ ತಂಗಿಯಿಂದ ಓದಿಸಿಕೋ.

ಸುದ್ದಿ ನಮ್ಮ ಲಾರಿಯದು. ಹೋದ ವಾರ ನಿನ್ನ ಗಂಡ ರವಿಕುಮಾರ ಮೆಕ್ಕೆಜೋಳ ತುಂಬಿಕೊಂಡು ನ್ಯಾಮತಿ ದಾಟಿ ಹೋಗುತ್ತಿದ್ದನಂತೆ. ಏರಿನಲ್ಲಿ ನೀಲಿ ಹೊಗೆ ಎದ್ದು ಹಿಂದಿದ್ದ ಬಸ್ಸೇ ಕಾಣದಂತಾಯಿತು. ಆಮೇಲೆ ಒಳಗೆ ಕಟಕಟ ಸದ್ದು, ಗಾಡಿ ನಿಂತೇ ಹೋಯಿತು. ಜೋಳವನ್ನು ಬೇರೆ ಲಾರಿಗೆ ಹಾಕಿಸಿ, ನಮ್ಮದನ್ನು ಹೊನ್ನಾಳಿಗೆ, ಇಸ್ರಾರ್ ಮೇಸ್ತ್ರಿಯ ಗ್ಯಾರೇಜಿಗೆ ಎಳೆಸಿದೆವು. ಅವನು ಎಂಜಿನ್ ಬಿಚ್ಚಿ ನೋಡಿದ. ಎರಡು ಸಲ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ಎಂಜಿನ್ ಇದು, ಮೂರನೇ ಸಲವೂ ಮಾಡಿಕೊಡುತ್ತೇನೆ, ಎಷ್ಟು ಕಾಲ ಬರುತ್ತದೆ ಎಂದು ಮಾತ್ರ ಕೇಳಬೇಡಿ ಎಂದ. ಇಲ್ಲವೆಂದರೆ ಬೇರೆ ಎಂಜಿನ್ ಹುಡುಕಿ ಕೂರಿಸಬೇಕು.

ಅಲ್ಲಿಂದ ಮನೆಯಲ್ಲಿ ಜಗಳ. ನಾನು ಬೋರ್ ಮಾಡಿಸುವ ಪಕ್ಷ. ಈ ಎಂಜಿನ್ ಯಾವ ಏರಿನಲ್ಲಿ ಮುನಿಸಿಕೊಳ್ಳುತ್ತದೆ, ಚಳಿಯಲ್ಲಿ ಹೇಗೆ ಕೆಮ್ಮಿ ಏಳುತ್ತದೆ ಎಲ್ಲ ನನಗೆ ಗೊತ್ತು. ಗೊತ್ತಿಲ್ಲದ ಆರೋಗ್ಯಕ್ಕಿಂತ ಗೊತ್ತಿರುವ ಜಡ್ಡೇ ವಾಸಿ ಎಂದೆ. ರವಿಯದು ಬೇರೆ ಎಂಜಿನ್ ಹಾಕಿಸುವ ಹಟ. ಸುಗ್ಗಿಯ ಹೊತ್ತು, ಗಾಡಿ ಬೇಗ ರಸ್ತೆಗಿಳಿಯಬೇಕು, ಮತ್ತೆ ನಡುದಾರಿಯಲ್ಲಿ ನಿಲ್ಲಬಾರದು ಎಂದ. ಮಾತಿಗೆ ಮಾತು ಬೆಳೆದು, "ನಿಮಗೆ ಬೇಕಾಗಿರೋದು ಎಂಜಿನ್ ಅಲ್ಲಪ್ಪ, ನಿಮ್ಮ ಹರೇದ ವಯಸ್ಸು" ಅಂದುಬಿಟ್ಟ. ನಾಟಿತು ನೋಡು. ಆಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಉಪ್ಪು ಬೇಕಾದರೂ ಭೀಮಕ್ಕನಿಗೇ ಹೇಳುವುದು. ಅವಳು ನಡುವೆ ಮಾತು ಸಾಗಿಸಿ ಸಾಕಾಗಿ, ಒಂದು ದಿನ ಇಬ್ಬರಿಗೂ ಬರೀ ಅನ್ನ ಬಡಿಸಿ ಸಾರಿನ ಪಾತ್ರೆ ತನ್ನ ಹತ್ತಿರವೇ ಇಟ್ಟುಕೊಂಡಳು. ಮಾತಾಡಿದರೆ ಸಾರು ಎಂದಳು. ನಾವು ಬರೀ ಅನ್ನ ಉಂಡೆವು.

ಅಷ್ಟರಲ್ಲಿ ಇಸ್ರಾರ್ ಫೋನ್ ಮಾಡಿದ. ಚನ್ನಗಿರಿ ಹತ್ತಿರದ ಹಳ್ಳಿಯಲ್ಲಿ ಮರುಳಸಿದ್ದಪ್ಪ ಎಂಬ ಹಳೆಯ ಡ್ರೈವರ್ ಇದ್ದಾರೆ, ನಮ್ಮದೇ ಮಾದರಿಯ ಲಾರಿ, ಕಣ್ಣು ಮಂಜಾಗಿ ಓಡಿಸುವುದು ಬಿಟ್ಟಿದ್ದಾರೆ, ಹೋಗಿ ಎಂಜಿನ್ ನೋಡಿ ಎಂದ. ಒಂದೇ ಬೈಕಿನಲ್ಲಿ ಅಪ್ಪ ಮಗ ತುಟಿ ಬಿಚ್ಚದೆ ಹೋದೆವು.

ಮರುಳಸಿದ್ದಪ್ಪನವರ ಹೆಂಡತಿ ಉಡಚಮ್ಮ ಮಂಡಕ್ಕಿ ಕೊಟ್ಟು ಉಪಚರಿಸಿ ಹಿತ್ತಲಿಗೆ ಕರೆದೊಯ್ದರು. ಬೇವಿನ ಮರದ ಕೆಳಗೆ ಲಾರಿ. ಟೈರುಗಳಿಲ್ಲ, ಕಲ್ಲುಗಳ ಮೇಲೆ ನಿಂತಿದೆ. ಡ್ರೈವರ್ ಸೀಟಿನಲ್ಲಿ ಮರುಳಸಿದ್ದಪ್ಪನವರು. ಊಟವಾದ ಮೇಲೆ ದಿನಾ ಅಲ್ಲೇ ಹತ್ತಿ ಕೂರುತ್ತಾರಂತೆ. ಪ್ರತಿ ಅಮಾವಾಸ್ಯೆ ಪೂಜೆ ಮಾಡಿ ಸ್ಟಾರ್ಟ್ ಮಾಡುವುದನ್ನು ತಪ್ಪಿಸಿಲ್ಲವಂತೆ. ನಮ್ಮೆದುರೂ ಕೀ ತಿರುಗಿಸಿದರು. ಹೊಗೆಯಿಲ್ಲ, ನಡುಕವಿಲ್ಲ, ತುಂಬಿದ ಹೊಳೆಯ ಹಾಗೆ ಒಂದೇ ಸಮನೆ ಸದ್ದು. ನನ್ನ ಹಟವೆಲ್ಲ ಅಲ್ಲೇ ಇಳಿಯಿತು ಮಗಳೇ. ಇದೇ ಇರಲಿ ಎನ್ನಲು ರವಿಯ ಕಡೆ ತಿರುಗಿದರೆ ಅವನ ಮುಖ ಬಾಡಿದೆ. ಮರುಳಸಿದ್ದಪ್ಪನವರು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಗೇರ್ ಸವರುತ್ತಿದ್ದರು. ರವಿ ನನ್ನನ್ನು ಬದಿಗೆ ಕರೆದು, "ಅಪ್ಪಾ, ಇದು ಬ್ಯಾಡ. ನಮ್ಮದನ್ನೇ ಬೋರ್ ಮಾಡ್ಸಾಣ" ಎಂದ. ನಾನು ಬೇಕು ಅನ್ನುವುದು, ಅವನು ಬೇಡ ಅನ್ನುವುದು. ಪಕ್ಷ ಬದಲಾಯಿತೇ ಹೊರತು ಜಗಳ ನಿಲ್ಲಲಿಲ್ಲ. ಪಿಸುಮಾತಿನಲ್ಲೇ ಕಿತ್ತಾಡುತ್ತಿದ್ದೆವು.

ಉಡಚಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಎಂಜಿನ್ ತಗಂಡು ಹೋಗ್ರಿ, ಕ್ಯಾಬಿನ್ ಬಿಟ್ಟು ಹೋಗ್ರಿ. ಅವರು ಕೂರಾಕೆ ಅಷ್ಟು ಸಾಕು" ಎಂದರು. ಮರುಳಸಿದ್ದಪ್ಪನವರು ಎಂಜಿನ್ ಆಫ್ ಮಾಡಿದರು. ಆಮೇಲೆ ನಮ್ಮ ಗಾಡಿ ಯಾವ ಯಾವ ರಸ್ತೆಯಲ್ಲಿ ಓಡುತ್ತದೆ ಎಂದು ಕೇಳಿದರು. ಹೊನ್ನಾಳಿ, ನ್ಯಾಮತಿ, ಸುಗ್ಗಿಯಲ್ಲಿ ಜಗಳೂರಿನ ತನಕ ಎಂದೆ. ಜಗಳೂರು ಎಂದದ್ದೇ ಅವರ ಮುಖ ಅರಳಿತು. "ಹಂಗಾದ್ರೆ ತಗಂಡು ಹೋಗ್ರಿ. ಇದಕ್ಕೆ ಬಯಲುಸೀಮೆ ಗಾಳಿ ಚೆನ್ನಾಗಿ ಹಿಡಿಸ್ತೈತೆ. ಕೀ ಮಾತ್ರ ನನ್ನತ್ರ ಇರ್ಲಿ" ಎಂದರು.

ವಾಪಸ್ ಬರುವಾಗ ನಾವಿಬ್ಬರೂ ಬಾಯಿ ಮುಚ್ಚಲಿಲ್ಲ. ಹಿಂದೆ ಕೂತವನು ರವಿಯ ಹೆಗಲ ಮೇಲೆ ಕೈಯಿಟ್ಟೆ, ಅವನು ಸರಿಸಲಿಲ್ಲ. ಮನೆಗೆ ಬಂದಾಗ ಭೀಮಕ್ಕ ಕೇಳದೆಯೇ ಸಾರು ಬಡಿಸಿದಳು.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ. ಮೊಮ್ಮಗಳ ಅಂಗಾಲಿಗೆ ತಾತನ ಮುತ್ತು. ನೀನು ಬಿಸಿನೀರೇ ಕುಡಿ, ತಲೆಗೆ ಬಟ್ಟೆ ಕಟ್ಟಿಕೋ, ನೂರು ಕಾಲ ನಗುನಗುತ್ತಾ ಬಾಳು.

ನಿನ್ನ ಮಾವ,
ದೊಡ್ಡಣ್ಣ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಎಂಜಿನ್ ಹೊನ್ನಾಳಿಗೆ ಬಂದಿದೆ, ಆದರೆ ಇನ್ನೂ ಕೂರಿಸಿಲ್ಲ. ಲಾರಿ ಇರುವುದು ನಿನ್ನ ಹೆಸರಿನಲ್ಲಿ. ನಿನ್ನನ್ನು ಕೇಳದೆ ಕೂರಿಸುವ ಧೈರ್ಯ ನನಗಿಲ್ಲ, ನಿನ್ನ ಗಂಡನಿಗಂತೂ ಮೊದಲೇ ಇಲ್ಲ. ಗ್ಯಾರೇಜಿನಲ್ಲಿ ಸರಪಳಿಗೆ ನೇತಾಡುತ್ತಿದೆ, ಆ ಸರಪಳಿ ಬೇರೆ ಗಾಡಿಗೆ ಬೇಕು ಎಂದು ಇಸ್ರಾರ್ ಗೋಳು ಹೊಯ್ದುಕೊಳ್ಳುತ್ತಿದ್ದಾನೆ. ಕೂರಿಸಲೋ ಬೇಡವೋ, ಒಂದು ಮಾತು ಬರೆದು ನಿನ್ನತ್ತೆಯ ಕೈಲಿ ಕಳಿಸು. ಚೀಟಿ ಅಂಟಿಸಿ ಕೊಡು, ಬಸ್ಸಿನಲ್ಲಿ ಅವಳು ತಿದ್ದಿಬಿಟ್ಟಾಳು.